ನಡುವಿನ ತುಂಡು

ಫರೀನ ಕೌದಿಯ ಮೂಲೆಗೆ ಮೊದಲ ಹೊಲಿಗೆ ಹಾಕಿದಾಗ ಎದುರು ಕೂತಿದ್ದ ದುಂಡವ್ವನಿಗೆ ಮೈಯೆಲ್ಲ ಉರಿಯಿತು. ಬಿಳೂರಿನಲ್ಲಿ ಯಾರ ಮನೆಯ ಕೌದಿಯಾದರೂ ಮೊದಲ ಹೊಲಿಗೆ ಅವಳದೇ ಆಗಿತ್ತು. ಕೌದಿಯ ಹೊಟ್ಟೆ ಖಾಲಿ ಇರಬಾರದೆಂದು ಕೊನೆಯಲ್ಲಿ ನಡುವಿನ ತುಂಡಿನಡಿ ಹೋಳಿಗೆಯ ಚೂರಿಟ್ಟು ಮುಚ್ಚುತ್ತಿದ್ದವಳೂ ಅವಳೇ.

ಈ ಸಲ ಕೌದಿ ಹೊಲಿಸುತ್ತಿದ್ದ ರುಕ್ಮವ್ವ ಮೊದಲ ಹೊಲಿಗೆಯ ವೀಳ್ಯವನ್ನು ಫರೀನಳಿಗೆ ಕೊಟ್ಟಿದ್ದಳು. ಹೆರಿಗೆಗೆ ತವರಿಗೆ ಬಂದಿದ್ದ ರುಕ್ಮವ್ವನ ಮಗಳು ಫರೀನ ಹೊಲಿದ ಕೌದಿಯ ಫೋಟೋವನ್ನು ಫೋನಿನಲ್ಲಿ ನೋಡಿ, ಹುಟ್ಟುವ ಕೂಸಿಗೆ ಅಂಥದ್ದೇ ಬೇಕೆಂದು ಹಟ ಹಿಡಿದಿದ್ದಳು. "ದುಂಡವ್ವನೂ ಬರಲಿ, ಕೈಗೆ ಕೈ ಆಗ್ತಾಳ" ಎಂದಿದ್ದಳು ರುಕ್ಮವ್ವ. ಫರೀನಳಿಗೆ ಸೂಜಿ ಹಿಡಿಯುವುದನ್ನು ಕಲಿಸಿದವಳು ಈಗ ಬರೀ ಕೈಯಾಳು!

"ಕಾಕು, ಈ ಹಸರ ತುಂಡ ಇಲ್ಲಿ ಚಲೋ ಕಾಣತೈತಲ್ರಿ?" ಫರೀನ ಕೇಳಿದಳು.

"ನಂಗೇನ ಕೇಳ್ತಿ? ಫೋನಿನ್ಯಾಗ ಬಂದಾಕಿ ನೀ."

ಫರೀನ ನಕ್ಕು ಹಸಿರು ತುಂಡನ್ನು ಅಲ್ಲೇ ಇಟ್ಟಳು. ಆ ನಗು ನೋಡಿ ದುಂಡವ್ವನ ಹೊಟ್ಟೆಕಿಚ್ಚು ಇನ್ನಷ್ಟು ಹೆಚ್ಚಿತು. ಇಬ್ಬರೂ ತಮ್ಮ ತಮ್ಮ ಅಂಚಿನಿಂದ ನಡುವಿನ ಕಡೆಗೆ ಹೊಲಿಯುತ್ತ ಬರಬೇಕು. ದುಂಡವ್ವ ಒಂದೊಂದು ಹೊಲಿಗೆಗೂ ದಾರವನ್ನು ತುಸುವೇ ಬಿಗಿಯಾಗಿ ಜಗ್ಗತೊಡಗಿದಳು. ನೋಡಿದರೆ ಯಾರಿಗೂ ತಿಳಿಯುವಂತಿರಲಿಲ್ಲ.

ಮರುದಿನ ಸಂಜೆ ಎರಡೂ ಕಡೆಯ ಸಾಲುಗಳು ಹತ್ತಿರ ಬಂದಾಗ ನಡುವೆ ಬಟ್ಟೆ ಉಬ್ಬಿ ನಿಂತಿತು. ಹೋಳಿಗೆಯ ತಾಟು ತಂದ ರುಕ್ಮವ್ವನ ಮುಖ ಸಣ್ಣದಾಯಿತು.

"ಅಯ್ಯ, ಇದೇನಿದು ಫರೀನಾ! ಫೋಟೋದಾಗ ಅಷ್ಟ ಚಂದ ಏನ ನಿನ್ನ ಕೆಲಸ? ದುಂಡವ್ವ, ಆಕಿ ಹೊಲದದ್ದ ಬಿಚ್ಚು. ಎಲ್ಲಾ ನೀನ ಹೊಲಿ."

ಫರೀನ ದುಂಡವ್ವನ ಸಾಲಿನ ಮೇಲೆ ಹೆಬ್ಬೆರಳು ಸರಿಸಿದಳು. ಒಂದು ಕಡೆ ಬೆರಳು ನಿಂತಿತು. ದಾರ ಬಿಗಿದದ್ದು ಅವಳಿಗೆ ಗೊತ್ತಾಗಿತ್ತು. ಆದರೂ ತನ್ನ ಸೂಜಿಯನ್ನು ದಾರದ ಉಂಡೆಗೆ ಚುಚ್ಚಿಟ್ಟು, "ಬಿಚ್ರಿ ಕಾಕು" ಎಂದಷ್ಟೇ ಹೇಳಿದಳು.

ದುಂಡವ್ವ ಬಯಸಿದ್ದು ಇದನ್ನೇ. ಅವಸರದಿಂದ ಬ್ಲೇಡನ್ನು ಫರೀನಳ ಹೊಲಿಗೆಯಡಿ ತೂರಿಸಿದಳು. ಹೊಲಿಗೆಗಳು ಸಮವಾಗಿದ್ದವು, ಪ್ರತಿ ಹೊಲಿಗೆಗೂ ಬಟ್ಟೆ ಉಸಿರಾಡುವಷ್ಟು ದಾರದ ಸಡಿಲ. ಇದನ್ನು ಕಲಿಸಲು ಚಿಕ್ಕ ಹುಡುಗಿಯಾಗಿದ್ದ ಫರೀನಳ ಬೆರಳ ಗೆಣ್ಣಿಗೆ ಎಷ್ಟು ಸಲ ಹೊಡೆದಿದ್ದಳೋ! ಪಕ್ಕದಲ್ಲಿದ್ದ ತನ್ನ ಸಾಲು ಯಾರೋ ಜಿಪುಣಿ ಹೊಲಿದಂತಿತ್ತು. ನಾಚಿಕೆಯಾಯಿತು. ಎಷ್ಟು ಚೆನ್ನಾಗಿ ಹೊಲಿಯುತ್ತಾಳೆ ಇವಳು ಎಂದು ಹೊಟ್ಟೆಯೂ ಉರಿಯಿತು. ಬ್ಲೇಡು ಮಾತ್ರ ಮುಂದೆ ಹೋಗಲಿಲ್ಲ.

ಎದ್ದು ತನ್ನ ಬದಿಗೆ ಬಂದು ಕೂತು, ತನ್ನದೇ ಸಾಲಿಗೆ ಬ್ಲೇಡು ಹಾಕಿದಳು.

"ಅದು ನಿಂದಲ್ಲೇನ?" ರುಕ್ಮವ್ವ ಗಾಬರಿಯಾದಳು.

"ಹೂಂ, ನಂದ. ದಾರ ಬಿಗಿ ಹಿಡದಾಕಿ ನಾನ. ಬೇಕಂತ ಹಿಡದೀನಿ."

ರುಕ್ಮವ್ವ ತಾಟನ್ನು ಕೌದಿಯ ಪಕ್ಕ ಇಟ್ಟಳು. ಫರೀನ ಪಕ್ಕಕ್ಕೆ ಬಂದು ಕೂತು ಕತ್ತರಿಸಿದ ದಾರದ ಎಳೆಗಳನ್ನು ಆರಿಸತೊಡಗಿದಳು. ಬಿಚ್ಚಿದ್ದನ್ನು ಇಬ್ಬರೂ ಸೇರಿ ರಾತ್ರಿಯೆಲ್ಲ ಕೂತು ಮತ್ತೆ ಹೊಲಿದಾಗ ಬಟ್ಟೆ ಚಪ್ಪಟೆಯಾಗಿ ಮಲಗಿತು. ನಡುವಿನ ತುಂಡೊಂದೇ ಉಳಿಯಿತು.

ರೂಢಿಯಂತೆ ದುಂಡವ್ವನ ಕೈ ತಾಟಿಗೆ ಹೋಯಿತು. ಹೋಳಿಗೆ ಮುರಿದು, ಚೂರನ್ನು ನಡುವಿನ ತುಂಡಿನವರೆಗೆ ಒಯ್ದು ಕೈ ತಡೆದಳು. ಆಮೇಲೆ ತಲೆ ಎತ್ತದೆ ಅದನ್ನು ಫರೀನಳ ಅಂಗೈಯಲ್ಲಿಟ್ಟಳು.