ಮಲ್ಲಿಗೆ ಬುಡದ ಬಿಳಿ ಪತಂಗ

ಕಾಪುವಿನ ರತ್ನಾವತಿಯ ಮಲ್ಲಿಗೆ ಈ ಸಲ ಅರಳುವ ಮೊದಲೇ ಕೆಂಪಾಗಿ ಬಾಡುತ್ತಿತ್ತು. ಬೆಳಿಗ್ಗೆ ಕೊಯ್ಯಲು ಹೋದರೆ ಮೊಗ್ಗಿಗೆಲ್ಲ ತೂತು. ಮುಂದಿನ ತಿಂಗಳು ಮಗಳು ನವ್ಯಶ್ರೀಯ ಸೀಮಂತ. ಮನೆಯ ಹೂವನ್ನೇ ಮುಡಿಸಬೇಕೆಂದು ರತ್ನಾವತಿಗೆ ಆಸೆ.

"ಕಿತ್ತು ಬಿಸಾಡು ಮಾರಾಯ್ತಿ. ಪೇಟೆಯಲ್ಲಿ ಹೂವಿಗೆ ಬರವಾ?" ಎಂದ, ಮೀನಿನ ಬಲೆ ಹೊಲಿಯುತ್ತಿದ್ದ ಗಂಡ ಕಿಟ್ಟ.

"ಬಲೆ ಹರಿದರೆ ನೀವು ಸಮುದ್ರವನ್ನೇ ಬಿಡ್ತೀರಾ?"

ಪಕ್ಕದ ಮನೆಯ ಜುಬೈದಾ ನಗುತ್ತಾ ಅಂಗಳಕ್ಕೆ ಬಂದಳು. ಅವಳೂ ಮಲ್ಲಿಗೆ ಬೆಳೆಸುವವಳು, ತೋಟಗಾರಿಕೆ ತರಬೇತಿಗೆ ಹೋಗಿ ಬಂದವಳು. ರತ್ನಾವತಿ ಕೆಟ್ಟ ಮೊಗ್ಗುಗಳನ್ನು ಗಿಡದ ಬುಡಕ್ಕೇ ಹಾಕುತ್ತಿದ್ದಳು.

"ಎಂತ ಮಾಡ್ತಾ ಇದ್ದೀರಿ ರತ್ನಕ್ಕ?"

"ಗೊಬ್ಬರ ಆಗ್ಲಿ ಅಂತ. ನಮ್ಮ ಅತ್ತೆ ಹೀಗೇ ಮಾಡ್ತಿದ್ದದ್ದು."

"ಗೊಬ್ಬರ ಅಲ್ಲ, ಹುಳಕ್ಕೆ ನೀವೇ ಬಾಣಂತನ ಮಾಡ್ತಾ ಇದ್ದೀರಿ!"

ಜುಬೈದಾ ಒಂದು ಮೊಗ್ಗು ಬಿಡಿಸಿದಳು. ಒಳಗೆ ಕರಿತಲೆಯ ಸಣ್ಣ ಹಸಿರು ಹುಳು. ಎಲೆಯಡಿ ಕೂತಿದ್ದ ಪುಟ್ಟ ಬಿಳಿ ಪತಂಗವನ್ನೂ ತೋರಿಸಿದಳು. ಅದರ ರೆಕ್ಕೆಯ ಮೇಲೆ ಅಲೆಯಂಥ ಕಪ್ಪು ಗೆರೆಗಳು.

"ಇಷ್ಟು ಚಂದದ್ದು ಮೊಗ್ಗು ತಿಂತದಾ?"

"ತಿನ್ನುವುದು ಇದರ ಮಕ್ಕಳು. ಇದು ಎಳೆ ಮೊಗ್ಗಿನ ಮೇಲೆ ಮೊಟ್ಟೆ ಇಡ್ತದೆ. ಮೊಟ್ಟೆಯಿಂದ ಬಂದ ಹುಳು ಮೊಗ್ಗು ಕೊರೆದು ತಿಂತದೆ. ಬೆಳೆದ ಮೇಲೆ ಮಣ್ಣಿಗಿಳಿದು ಕೋಶ ಕಟ್ತದೆ. ಅಲ್ಲಿಂದ ಪತಂಗವಾಗಿ ಮತ್ತೆ ನಿಮ್ಮ ಗಿಡಕ್ಕೇ."

"ವಿಷ ಹೊಡೆದರೆ ಆಯ್ತಲ್ವಾ?" ಎಂದ ಕಿಟ್ಟ.

"ಮೊಗ್ಗಿನ ಒಳಗೆ ಕೂತ ಹುಳಕ್ಕೆ ಮದ್ದು ಎಲ್ಲಿ ತಾಗ್ತದೆ ಕಿಟ್ಟಣ್ಣ? ತಾಗುವುದು ಹೂ ಮುಡಿದ ನವ್ಯಶ್ರೀಗೆ."

ಮರುದಿನ ಕಿಟ್ಟ ತಾನೇ ಕೂತು, ಬೇರಿಗೆ ಪೆಟ್ಟಾಗದ ಹಾಗೆ ಬುಡದ ಮಣ್ಣು ಕೆದಕಿದ. ಹೊರಬಿದ್ದ ಕೋಶಗಳನ್ನು ಕೋಳಿಗಳು ಹೆಕ್ಕಿದವು. ರತ್ನಾವತಿ ತೂತಾದ ಮೊಗ್ಗುಗಳನ್ನೆಲ್ಲ ಆರಿಸಿ ಬಚ್ಚಲ ಒಲೆಗೆ ಹಾಕಿದಳು. ಮೊದಮೊದಲು ಏನೂ ಬದಲಾಗಲಿಲ್ಲ. ಆಮೇಲೆ ಒಂದೊಂದೇ ಬಿಳಿ ಮೊಗ್ಗು ಕಂಡಿತು.

ಸೀಮಂತದ ದಿನ ಮನೆಯ ಹೂವು ಅರ್ಧ ಜಡೆಗೂ ಸಾಲಲಿಲ್ಲ. ಜುಬೈದಾ ತನ್ನ ಗಿಡದ್ದನ್ನು ಮಡಿಲು ತುಂಬ ತಂದಳು. ಇಬ್ಬರೂ ಕೂತು ಒಂದೇ ಬಾಳೆನಾರಿನಲ್ಲಿ ಕಟ್ಟಿದರು. ಮುಡಿಸುವಾಗ ಯಾವ ಹೂವು ಯಾರದೆಂದು ರತ್ನಾವತಿಗೇ ತಿಳಿಯಲಿಲ್ಲ.

ಮಲ್ಲಿಗೆ ಬೆಳೆಸುವ ಅಕ್ಕತಂಗಿಯರೇ, ತೂತಾದ ಮೊಗ್ಗನ್ನು ಬುಡಕ್ಕೆ ಹಾಕಬೇಡಿ, ಸುಟ್ಟುಬಿಡಿ. ಬುಡದ ಮಣ್ಣನ್ನು ಆಗಾಗ ಕೆದಕುತ್ತಿರಿ. ಪಕ್ಕದ ಮನೆಯವರಿಗೂ ಹೇಳಿ, ಪತಂಗ ಬೇಲಿ ನೋಡಿ ಹಾರುವುದಿಲ್ಲ.