ಕೊಟ್ಟರೆ ಮಾರಿದಂತೆಯೇ?

ಡೆಲಿಯಾ ಮಲ್ಕೆರಿನ್‌ಳ ಅಜ್ಜ ಫೆಸ್ಟಿ, ಕಾನಮಾರಾದ ಜೌಗುನೆಲದ ನಡುವೆ ಕಾಲುವೆ ತೋಡಿ ನೀರು ಬಸಿದು, ಹಸು ಹೂತುಹೋಗುತ್ತಿದ್ದ ಜಾಗದಲ್ಲಿ ಗಾಡಿ ಓಡಾಡುವಂತೆ ಮಾಡಿದವನು. ತಂದೆ ಕೋಲ್ಮನ್, ಹಿಮ ಬಿದ್ದ ಒಂದು ವರ್ಷ ತನ್ನ ಮನೆಯ ಹೆಂಟೆರಾಶಿಯಲ್ಲಿ ಅರ್ಧವನ್ನು ಊರ ಶಾಲೆಯ ಒಲೆಗೆ ಹೊತ್ತುಹಾಕಿ, ಯಾರಾದರೂ ಹೊಗಳಿದರೆ ಸಿಡುಕಿ ಎದ್ದುಹೋಗುತ್ತಿದ್ದವನು. ಜೌಗಿನ ಕಪ್ಪು ಮಣ್ಣನ್ನು ಇಟ್ಟಿಗೆಯಂತೆ ಕೊಯ್ದು, ಗಾಳಿಗೆ ಒಣಗಿಸಿ, ಚಳಿಗಾಲವಿಡೀ ಒಲೆಗಿಡುವ ಆ ಹೆಂಟೆಯೇ ಮನೆತನದ ಆಸ್ತಿ, ಅಭಿಮಾನವೂ ಅದೇ.

ಡೆಲಿಯಾಳಿಗೆ ಎಪ್ಪತ್ತು ದಾಟಿದೆ. ಟಾರು ರಸ್ತೆಯ ಮೇಲೂ ಜೌಗಿನಲ್ಲಿ ನಡೆದಂತೆಯೇ ಒಂದು ಕಾಲೂರಿ, ನೆಲ ತಾಳುತ್ತದೆಂದು ಖಾತ್ರಿಯಾದ ಮೇಲೆ ಇನ್ನೊಂದನ್ನು ಎತ್ತುತ್ತಾಳೆ. ತೊಡುವುದು ತೀರಿಕೊಂಡ ಅಣ್ಣನ ಉದ್ದ ಕೋಟು, ಅದಕ್ಕೆ ಗುಂಡಿಗಳಿಲ್ಲ. ಹುಲ್ಲಿನ ಕಟ್ಟು ಬಿಗಿಯುವ ನೀಲಿ ಹುರಿಯನ್ನೇ ಸೊಂಟಕ್ಕೆ ಸುತ್ತಿಕೊಂಡಿರುತ್ತಾಳೆ. ಎಷ್ಟೋ ಮಾತಿನ ಕೊನೆಯಲ್ಲಿ "ಹಾಗಂತಾರೆ" ಎಂದು ಸೇರಿಸುವುದು ಅವಳ ಚಾಳಿ. ತನ್ನ ವಯಸ್ಸು ಹೇಳಿದರೂ "ಹಾಗಂತಾರೆ".

ಹೊಗೆ ಹೆಚ್ಚಾಯಿತೆಂದು ಡಬ್ಲಿನ್ನಿನ ಸರ್ಕಾರ ಹೊಸ ಕಟ್ಟಳೆ ತಂದಿತು: ಸ್ವಂತದ ಹೆಂಟೆ ಸುಡಬಹುದು, ಮಾರಕೂಡದು. ಅವಳು ಎಂದೂ ಮಾರಿದವಳಲ್ಲ. ಆದರೆ ಒಣಗಿದ ಹೆಂಟೆ ಸಾಗಿಸಲು ನೆರೆಯವರು ಟ್ರ್ಯಾಕ್ಟರ್ ತರುವುದು, ಮನೆಯವರು ಹಂದಿಮಾಂಸ, ಆಲೂಗಡ್ಡೆ ಬಡಿಸಿ, ಹೊರಡುವಾಗ ಒಂದು ಗಾಡಿ ಹೆಂಟೆ ತುಂಬಿಸಿ ಕಳಿಸುವುದು ಅಲ್ಲಿಯ ಪದ್ಧತಿ. ಆ ಗಾಡಿ ಉಡುಗೊರೆಯೋ, ಕೂಲಿಯೋ, ಮಾರಾಟವೋ? ತಲೆಹೊಕ್ಕ ಈ ಪ್ರಶ್ನೆ ಹೊರಗೆ ಹೋಗಲೊಲ್ಲದು.

ಇಲಾಖೆಗೆ ಫೋನು ಮಾಡಿದಳು. ಕಾಯಲು ಹೇಳಿ ಬಹಳ ಹೊತ್ತು ಪಿಟೀಲು ಕೇಳಿಸಿದ ಮೇಲೆ ಒಬ್ಬ ಹುಡುಗಿ ಲೈನಿಗೆ ಬಂದಳು.

"ಕೆಲಸಕ್ಕೆ ಬದಲಾಗಿ ಕೊಟ್ರೆ ಮಾರಾಟ ಅನ್ನಿಸ್ಕೋಬಹುದು. ಪ್ರೀತಿಯಿಂದ ಕೊಟ್ರೆ ಆಗ್ಲಿಕ್ಕಿಲ್ಲ."

"ಪಕ್ಕದ್ಮನೆ ಎಂಡಾನ ಮೇಲೆ ನಂಗೆ ಅಂಥ ಪ್ರೀತಿ ಏನಿಲ್ಲ ಕಣಮ್ಮಾ. ಪ್ರೀತಿ ಇರೋದು ಅವನ ಟ್ರ್ಯಾಕ್ಟರ್ ಮೇಲೆ."

"ಹಾಗಾದ್ರೆ ಅದು ನಮ್ಮ ವಿಭಾಗ ಅಲ್ಲ."

ಶನಿವಾರ ಹೆಂಡದಂಗಡಿಯ ಹಿಂಕೋಣೆಯಲ್ಲಿ ಕೂತು ಜನರ ಅಹವಾಲು ಕೇಳುವ ಸಂಸದ, "ಧಾರಾಳವಾಗಿ ಕೊಡಿ, ಯಾರ್ರೀ ಕೇಳೋರು?" ಎಂದು ಕೈಕುಲುಕಿದ. ಆ ಕಟ್ಟಳೆಗೆ ಕೈಯೆತ್ತಿದವರಲ್ಲಿ ಅವನೂ ಒಬ್ಬ. ಮನೆಗೆ ಬಂದು ರೇಡಿಯೋ ತಿರುಗಿಸಿದರೆ ದಂಡದ ಮಾತು. ಯಾರ ಬಾಯಿ ಸರ್ಕಾರದ್ದೆಂದು ಅವಳಿಗೆ ತಿಳಿಯಲಿಲ್ಲ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಆಕಾಶ ಕಪ್ಪಿಟ್ಟಿತು. ಇನ್ನೂ ಜೌಗಿನಲ್ಲೇ ಇದ್ದ ಹೆಂಟೆ ನೆನೆದರೆ ಮತ್ತೆ ಕೆಸರು; ಚಳಿಗಾಲಕ್ಕೆ ಬೆಂಕಿಯಿಲ್ಲ. ಎಂಡಾ ಟ್ರ್ಯಾಕ್ಟರ್ ತಂದು ಬಾಗಿಲಲ್ಲಿ ನಿಲ್ಲಿಸಿದ.

"ಏಳು ಡೆಲಿಯಾ, ಮಳೆ ಬರೋಷ್ಟ್ರಲ್ಲಿ ತಂದ್ಬಿಡೋಣ."

"ನಿಂಗೆ ಗಾಡಿ ಹೆಂಟೆ ಕೊಟ್ರೆ ಇಬ್ರೂ ಕಳ್ಳರಾಗ್ತೀವಿ, ಹಾಗಂತಾರೆ. ಆಗಲ್ಲ ಅಂತಾನೂ ಅಂತಾರೆ."

"ನಂಗೇನೂ ಬೇಡ ಬಿಡು. ಪುಣ್ಯಕ್ಕೆ ಮಾಡ್ತೀನಿ."

ಆ ಮಾತಿಗೆ ಅವಳು ಸೊಂಟದ ಹುರಿಯನ್ನು ಇನ್ನಷ್ಟು ಬಿಗಿದುಕೊಂಡಳು.

ಕಟ್ಟಳೆಯ ಕಣ್ಣು ತಪ್ಪಿಸುವವರು ಎಲ್ಲ ದೇಶದಲ್ಲೂ ಇದ್ದಾರೆ. ಅವರಿಗಾಗಿ ದಂಡ, ಕಾವಲು ಎಲ್ಲವೂ ಸಿದ್ಧವಿರುತ್ತದೆ. ಹೇಳಿದ್ದನ್ನು ನಿಷ್ಠೆಯಿಂದ ಪಾಲಿಸಲು ಹೊರಟು, ಹೇಳಿದ್ದೇನೆಂದೇ ತಿಳಿಯದೆ ಹೊಸ್ತಿಲಲ್ಲಿ ನಿಂತುಬಿಡುವ ಇಂಥ ಮಾನವಂತರನ್ನು ನೆನೆದು ಯಾವ ಸರ್ಕಾರವೂ ಕಟ್ಟಳೆ ಬರೆದದ್ದಿಲ್ಲ.

"ಬೇಡ ಮಗಾ, ಟ್ರ್ಯಾಕ್ಟರ್ ತಿರುಗಿಸು," ಎಂದಳು ಡೆಲಿಯಾ. "ನಿನ್ನ ಬರಿಗೈಲಿ ಕಳಿಸಿ ಆ ಬೆಂಕಿ ಮುಂದೆ ನಾನು ಹೇಗೆ ಕೂತ್ಕೊಳ್ಲಿ? ಕೈಗಾಡಿ ಇದೆ, ಆದಷ್ಟು ನಾನೇ ತರ್ತೀನಿ. ಟೀ ಕುಡ್ಕೊಂಡು ಹೋಗು. ಅದಕ್ಕಿನ್ನೂ ಕಾನೂನು ಬಂದಿಲ್ಲ."