ಹಾಲುಬಾಯಿ, ಹಾಳುಬಾಯಿ

"ಇದು ಯಶೋಧರಂದಲ್ಲ ಕಣ್ಲಾ," ಎಂದು ಅನಸೂಯಮ್ಮ ಕಚ್ಚಿದ ಹಾಲುಬಾಯಿಯ ತುಂಡನ್ನು ಹಾಗೆಯೇ ತಟ್ಟೆಗೆ ಇಳಿಸಿದರು.

"ಅವ್ವಾ, ಹಾಸನದಿಂದ ತರ್ಸಿದ್ದು ಕಣವ್ವ. ಜನ ಸಾಲಲ್ಲಿ ನಿಂತ್ಕಂಡು ತತ್ತಾರೆ."

"ನಿಂತ್ಕಂಡಾದ್ರೂ ತರ್ಲಿ, ಕುಂತ್ಕಂಡಾದ್ರೂ ತರ್ಲಿ. ಯಶೋಧರಂದು ನಾಲಿಗೆ ಮ್ಯಾಲೆ ಮಡಗಿದ್ರೆ ಅಂಗೇ ಕರಗೋಯ್ತಿತ್ತು. ಇದು ಸ್ಕೂಟರ್ ಟಯರ್ ಇದ್ದಂಗದೆ."

ಸ್ಕೂಟರ್ ಅಲ್ಲದಿದ್ದರೂ ಟ್ರ್ಯಾಕ್ಟರಿನ ಬಿಡಿಭಾಗ ಮಾರುವವನು ಪುಟ್ಟರಾಜು. ಮಾತು ಅಲ್ಲಿಗೇ ನಾಟಿತು. ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಬಂದ.

ಅನಸೂಯಮ್ಮನ ಬಲಗಣ್ಣಿನ ಪೊರೆ ತೆಗೆಸಿ ಕೆಲವೇ ದಿನಗಳಾಗಿದ್ದವು. ಎಡಗಣ್ಣಿನದು ಇನ್ನೂ ಬಾಕಿ. ದಿನದಿಂದ ದಿನಕ್ಕೆ ತಿಳಿಯಾಗುತ್ತದೆ ಎಂದು ಡಾಕ್ಟರು ಹೇಳಿದ್ದರೂ, ಕಪ್ಪು ಕನ್ನಡಕದ ಹಿಂದೆ ಸದ್ಯಕ್ಕೆ ಎಲ್ಲರೂ ಬರೀ ನೆರಳುಗಳು. ದನಿ ಕೇಳಿದ ಮೇಲೆಯೇ ನೆರಳಿಗೊಂದು ಹೆಸರು. ಆಪರೇಷನ್ ಆದಂದಿನಿಂದ ಊಟವೂ ಸೇರುತ್ತಿರಲಿಲ್ಲ. ಹಾಗಿರುವಾಗ ಚನ್ನರಾಯಪಟ್ಟಣದಿಂದ ಯಶೋಧರ ನೋಡಲು ಬಂದ. ಸ್ಟೀಲ್ ಡಬ್ಬಿಯಲ್ಲಿ ತಾನೇ ಮಾಡಿದ ರಾಗಿ ಹಾಲುಬಾಯಿ ತಂದ. ಮೂರು ತುತ್ತು ಅನ್ನಕ್ಕೆ ಮುಖ ತಿರುಗಿಸುತ್ತಿದ್ದ ಮುದುಕಿ ತುಂಡಿನ ಮೇಲೆ ತುಂಡು ತಿಂದು ಬೆರಳು ನೆಕ್ಕಿದರು. ಅಂದಿನಿಂದ ಮನೆಯಲ್ಲಿ ಯಶೋಧರನ ನಾಮಸ್ಮರಣೆ.

ಇದು ಹೊಸ ರೋಗವಲ್ಲ. ಕಾಲೇಜಿನ ದಿನಗಳಲ್ಲಿ ಯಶೋಧರ ಇದೇ ಹೊಳೆನರಸೀಪುರದ ಮನೆಯ ಹೊರಕೋಣೆಯಲ್ಲಿದ್ದು ಓದಿದವನು. ಜೈನರ ಹುಡುಗ. ಹೊತ್ತು ಮುಳುಗಿದ ಮೇಲೆ ಅವನು ಊಟ ಮುಟ್ಟುವುದಿಲ್ಲ ಎಂದು ಅನಸೂಯಮ್ಮ ಬಿಸಿಲು ಅಂಗಳ ಬಿಡುವ ಮೊದಲೇ ಅವನಿಗಾಗಿ ಬೇರೆ ಒಲೆ ಹಚ್ಚಿ, ಈರುಳ್ಳಿ ಹಾಕದ ಸಾರು ಮಾಡಿ, ಎದುರು ಕೂತು ಬಡಿಸುತ್ತಿದ್ದರು. ದೀಪ ಹಚ್ಚಿದ ಮೇಲೆ ಆಟ ಮುಗಿಸಿ ಬರುವ ಸ್ವಂತ ಮಗನಿಗೆ ಮುಚ್ಚಿಟ್ಟ ತಟ್ಟೆ. ಮೊದಲ ಮುದ್ದೆ ಯಶೋಧರನಿಗೆ, ತಣ್ಣನೆಯ ಮುದ್ದೆ ಪುಟ್ಟರಾಜುವಿಗೆ. ಈಗ ಐವತ್ತು ದಾಟಿದರೂ ಆ ಮುದ್ದೆ ಪುಟ್ಟರಾಜುವಿನ ಗಂಟಲಲ್ಲೇ ಇತ್ತು.

ಆ ಗಂಟಲಾದರೂ ಸಾಮಾನ್ಯದ್ದಲ್ಲ. ಊರಿನ ಯಾರ ದನಿಯೂ ಅದರಿಂದ ತಪ್ಪಿಸಿಕೊಂಡಿರಲಿಲ್ಲ. ಪ್ರಿನ್ಸಿಪಾಲರ ಕೆಮ್ಮು, ಅರಕಲಗೂಡು ಬಸ್ಸಿನ ಕಂಡಕ್ಟರನ ಕೂಗು, ಮದುವೆ ಮನೆಯ ಮೈಕ್ ಟೆಸ್ಟಿಂಗ್, ಎಲ್ಲವೂ ಅಲ್ಲಿ ಬಾಡಿಗೆಗಿದ್ದವು. ಕಾಲೇಜಿನಲ್ಲಿ ಅವನಿಗೆ 'ಹಾಳುಬಾಯಿ' ಎಂದು ಹೆಸರಿಟ್ಟವನು ಯಶೋಧರನೇ. ಅನಸೂಯಮ್ಮ ಅದನ್ನು 'ಆಳ್‌ಬಾಯಿ' ಮಾಡಿಕೊಂಡು ಮಗನನ್ನು ಕರೆದರು.

"ಯಶೋಧರಂಗೆ ಫೋನ್ ಮಾಡಿ ಕೇಳ್ಲಾ, ಹೆಂಗ್ ಮಾಡೋದು ಅಂತ?" ಎಂದು ಅಡುಗೆಮನೆಯಲ್ಲಿ ಹೆಂಡತಿಯನ್ನು ಕೇಳಿದ.

ಸ್ನೇಹಲತಾ ಪಾತ್ರೆ ಉಜ್ಜುತ್ತಲೇ ಹೇಳಿದಳು: "ಫೋನ್ ಮಾಡಿದ್ರೆ ಅವರೇ ಮಾಡ್ಕಂಡು ಬಂದ್ಬುಡ್ತಾರೆ. ಆಮೇಲೆ ನಿಮ್ ಮುಖ ನೋಡೋರ್ಯಾರು? ನೀವೇ ಓಗಿ ಕಲ್ತ್ಕಂಡು ಬನ್ನಿ."

ಮರುದಿನ ಸಂಜೆ ಅವನು ಚನ್ನರಾಯಪಟ್ಟಣದ ಬಸ್ಸಿಳಿದ. ಯಶೋಧರನ ಪಾತ್ರೆ ಅಂಗಡಿಯಲ್ಲಿ ಹಿತ್ತಾಳೆ, ಸ್ಟೀಲು ನೆಲದಿಂದ ಸೂರಿನವರೆಗೆ ಹೊಳೆಯುತ್ತಿದ್ದವು. ಎಲ್ಲದರಲ್ಲೂ ತನ್ನದೇ ಉಬ್ಬಿದ ಮುಖ ಕಂಡು ಪುಟ್ಟರಾಜುವಿಗೆ ಇನ್ನಷ್ಟು ಸಿಟ್ಟು ಬಂತು.

"ಬಾರೋ ಹಾಳುಬಾಯಿ!" ಯಶೋಧರ ಎರಡು ಸಲ ಗಂಟಲು ಸರಿಮಾಡಿಕೊಂಡ. ಅದು ಅವನ ಅಭ್ಯಾಸ. ಸ್ಟಾರ್ಟ್ ಆಗದ ಸ್ಕೂಟರಿನ ಹಾಗೆ. "ಅದೇನಪ್ಪಾ ಅಂದ್ರೆ, ಬೆಳಗ್ಗೆ ತಾನೇ ನಮ್ ಕ್ಲಾಸಿನ ಶಾಂತರಾಜು ಬಂದಿದ್ದ. ತಲೆಗೆ ಬಣ್ಣ ಹಾಕಿದಾನೆ ಕಣೋ, ಶಾಯಿ ಬಾಟ್ಲಿ ಉರುಳಿಸ್ಕೊಂಡಂಗೆ! ಏನಂತೀಯ?"

ಪುಟ್ಟರಾಜು ತಕ್ಷಣ ಶಾಂತರಾಜುವಿನ ಮೂಗಿನ ದನಿ ತೆಗೆದ: "ಇಲ್ಲಾ ಮಾರಾಯಾ, ಇದು ನ್ಯಾಚುರಲ್ಲೂ..." ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಮಂಡಿ ನೋವು, ಯಶೋಧರನ ಮಗಳು ಸಿದ್ಧಿಯ ಪರೀಕ್ಷೆ, ಯಾರಿಗೆ ಶುಗರ್ ಬಂತು, ಯಾರಿಗೆ ಸೊಸೆ ಬಂದಳು ಎಲ್ಲ ಆಯಿತು. "ನಿನ್ ವ್ಯಾಪಾರ ಹೆಂಗೋ?" ಎಂದು ಯಶೋಧರ ಕೇಳಿದ್ದಕ್ಕೆ, "ನಿಂದೂ ನಂದೂ ಒಂದೇ ಕಣ್ಲಾ. ನೀನು ಪಾತ್ರೆ ಮಾರ್ತೀಯ, ನಾನು ಪಾತ್ರ ಮಾಡ್ತೀನಿ," ಎಂದ ಪುಟ್ಟರಾಜು.

ಅಷ್ಟರಲ್ಲಿ ಯಶೋಧರ ಬೀದಿಯ ಬಿಸಿಲು ನೋಡಿ ಲಗುಬಗೆಯಿಂದ ಟಿಫಿನ್ ಡಬ್ಬಿ ಬಿಚ್ಚಿದ. "ಇರೋ, ಹೊತ್ತು ಮುಳುಗೋದ್ರೊಳ್ಗೆ ಮುಗಿಸ್ಬಿಡ್ತೀನಿ. ಆಮೇಲೆ ಒಂದು ಅಗುಳೂ ಇಲ್ಲ. ನಿಮ್ಮಮ್ಮ ಇಲ್ಲಿದ್ದಿದ್ರೆ ಇಷ್ಟೊತ್ತಿಗೆ 'ಯಶೋಧರಾ, ಒತ್ತಾಯ್ತು ಬಾರಪ್ಪ' ಅಂತ ಮೂರು ಸಲ ಕೂಗಿರೋಳು."

ಹೇಳಿದ ರೀತಿ ಅನಸೂಯಮ್ಮನ ದನಿಗೆ ಹತ್ತಿರವೂ ಇರಲಿಲ್ಲ. ಆದರೂ ಪುಟ್ಟರಾಜುವಿಗೆ ಚುರುಕ್ ಎಂದಿತು. ಬಂದ ಕೆಲಸ ಹೇಳಿದ.

ಯಶೋಧರನ ಮುಖ ಅರಳಿತು. "ಅಷ್ಟೇನಾ? ನೋಡು, ಅದೇನಪ್ಪಾ ಅಂದ್ರೆ, ರಾಗಿ ರಾತ್ರಿ ನೆನೆಹಾಕು. ಬೆಳಗ್ಗೆ ಹಸಿಕಾಯಿ ಜೊತೆ ನುಣ್ಣಗೆ ರುಬ್ಬು, ತೆಳು ಬಟ್ಟೇಲಿ ಹಿಂಡಿ ಹಾಲು ತೆಗಿ. ಚರಟಕ್ಕೆ ನೀರು ಹಾಕಿ ಮತ್ತೆ ರುಬ್ಬು, ಮತ್ತೆ ಹಿಂಡು. ಬೆಲ್ಲ ಕರಗಿಸಿ ಸೋಸಿ ಸೇರಿಸು, ಚಿಟಿಕೆ ಉಪ್ಪು. ಆಮೇಲೆ ದಪ್ಪ ತಳದ ಬಾಣಲೆ, ಸಣ್ಣ ಉರಿ. ತಿರುವ್ತಾನೇ ಇರ್ಬೇಕು. ಕೈ ಸೋತ್ರೆ ಗಂಟು, ಉರಿ ಜಾಸ್ತಿ ಆದ್ರೆ ತಳ. ನಿಂದು ಉರಿ ಯಾವಾಗ್ಲೂ ಒಂಚೂರು ಜಾಸ್ತೀನೇ, ಏನಂತೀಯ?"

"ಗ್ಯಾಸಿಂದು ತಾನೆ?"

"ಹ್ಞೂಂ, ಗ್ಯಾಸಿಂದೇ ಇಟ್ಕೋ. ಒದ್ದೆ ಬೆರಳಲ್ಲಿ ಮುಟ್ಟಿದ್ರೆ ಅಂಟಬಾರ್ದು, ಅದೇ ಹದ. ತುಪ್ಪ, ಏಲಕ್ಕಿ, ಸವರಿದ ತಟ್ಟೆಗೆ ಸುರಿ. ಆರಿದ ಮೇಲೆ ಕತ್ತರಿಸು."

"ಇಷ್ಟೇನಾ? ಏನೋ ಬಚ್ಚಿಡ್ತಿದೀಯ ಕಣ್ಲಾ ನೀನು."

"ಬಚ್ಚಿಡೋಕೆ ನಂಗೇನಿದೆಯೋ? ನಮ್ಮಮ್ಮ ಇಷ್ಟೇ ಹೇಳ್ಕೊಟ್ಟಿದ್ದು. ಅವಳು ಹೋದ್ಮೇಲೆ ನಮ್ಮನೇಲಿ ಇದನ್ನ ತಿನ್ನೋರೂ ಇಲ್ಲ, ಚೆನ್ನಾಗಿಲ್ಲ ಅನ್ನೋರೂ ಇಲ್ಲ. ನಿಂಗೇನಪ್ಪಾ, ಬೈಯೋಕೆ ಒಬ್ಬ ಅವ್ವ ಇದ್ದಾಳೆ."

ವಾಪಸು ಬರುವ ಬಸ್ಸಿನಲ್ಲಿ ಪುಟ್ಟರಾಜು ಕಿಟಕಿಗೆ ತಲೆ ಆನಿಸಿ ಕುದಿಯುತ್ತಿದ್ದ. ಏನಾದರೂ ಬಚ್ಚಿಟ್ಟಿದ್ದರೆ ಬೈಯಬಹುದಿತ್ತು. ಅದಕ್ಕೂ ಆಸ್ಪದ ಕೊಡಲಿಲ್ಲ, ಕಳ್ಳ.

ಮೊದಲ ಬಾಣಲೆ ತಳ ಹಿಡಿಯಿತು. ಎರಡನೆಯದಕ್ಕೆ ಉರಿ ಇಳಿಸಿ, ಅಂಗಡಿ ಬಾಗಿಲು ತೆಗೆಯದೆ, ತೋಳು ಸೋಲುವವರೆಗೆ ತಿರುವಿದ. ಕಂದು ಕನ್ನಡಿಯಂಥ ಹಾಲುಬಾಯಿ ತಟ್ಟೆಯಲ್ಲಿ ನಡುಗುತ್ತ ಕೂತಿತು. ಸ್ನೇಹಲತಾ ಒಂದು ತುಂಡು ಬಾಯಿಗೆ ಹಾಕಿಕೊಂಡು ಹುಬ್ಬೇರಿಸಿದಳು. "ಅವರು ತಂದಿದ್ದು ಬ್ಯಾರೆ ಅಲ್ಲ, ಇದು ಬ್ಯಾರೆ ಅಲ್ಲ. ಅದೇ ರುಚಿ ಕಣ್ರೀ."

ಪುಟ್ಟರಾಜು ತಟ್ಟೆಯನ್ನು ಅವ್ವನ ಮುಂದಿಟ್ಟು ನಿಂತ. ಅನಸೂಯಮ್ಮ ಚೂರು ಮುರಿದು ತಿಂದರು. "ಚೆನ್ನಾಗದಾ? ಚೆನ್ನಾಗದಾ ಅವ್ವಾ?"

"ಅದೆ."

"ಯಶೋಧರಂದಂಗೆ?"

ಅವರು ಸ್ವಲ್ಪ ಹೊತ್ತು ಬಾಯಿ ಆಡಿಸಿದರು. "ಅವನ್ದು ಅವನ್ದೇ ಬಿಡ್ಲಾ."

ಇಡೀ ಮಧ್ಯಾಹ್ನ ಪುಟ್ಟರಾಜು ಯಾರ ದನಿಯಲ್ಲೂ ಮಾತಾಡಲಿಲ್ಲ. ಕತ್ತಲಾದ ಮೇಲೆ ಇದ್ದಕ್ಕಿದ್ದಂತೆ ಎದ್ದ. ಅದೇ ಹಾಲುಬಾಯಿಯನ್ನು ಸ್ಟೀಲ್ ಡಬ್ಬಿಗೆ ತುಂಬಿಕೊಂಡು ಹಿತ್ತಲಿನಿಂದ ಸುತ್ತಿ ಬೀದಿ ಬಾಗಿಲಿಗೆ ಬಂದ. ಯಶೋಧರನ ಹಾಗೆ ಚಪ್ಪಲಿಯನ್ನು ಮೆಟ್ಟಿಲಿಗೆ ಕುಟ್ಟಿ ಬಿಟ್ಟ. ಎರಡು ಸಲ ಗಂಟಲು ಸರಿಮಾಡಿಕೊಂಡ. ಸೌಟು ಹಿಡಿದು ಹೊರಬಂದ ಸ್ನೇಹಲತಾ ಅವನನ್ನು ನೋಡಿ ಹಣೆ ಚಚ್ಚಿಕೊಂಡು ಒಳಗೆ ಹೋದಳು.

"ಅಮ್ಮಾ, ಹೆಂಗಿದೀರಾ?"

ಮಂಚದ ಮೇಲಿದ್ದ ಅನಸೂಯಮ್ಮ ಸೆರಗು ಸರಿಮಾಡಿಕೊಂಡು ಎದ್ದು ಕೂತರು. "ಯಶೋಧರನಾ? ಯಾವಾಗ್ ಬಂದ್ಯಪ್ಪಾ? ಬಾ, ಕುಂತ್ಕ."

"ಈಗ್ಲೇ ಅಮ್ಮಾ. ಅದೇನಪ್ಪಾ ಅಂದ್ರೆ, ಈ ಕಡೆ ಕೆಲ್ಸ ಇತ್ತು. ಹಾಲುಬಾಯಿ ತಂದಿದೀನಿ." ಮಂಚದ ಅಂಚಿನಲ್ಲಿ ಕೂತು ಡಬ್ಬಿ ತೆರೆದ.

ಒಂದು ತುಂಡು ಹೋಯಿತು. ಇನ್ನೊಂದು ಹೋಯಿತು. "ನೋಡು, ಆಲ್‌ಬಾಯಿ ಅಂದ್ರೆ ಇದು!" ಎಂದು ಅನಸೂಯಮ್ಮ ಬೆರಳು ನೆಕ್ಕಿದರು.

ತೋಳು ತನ್ನದು, ನೋವು ತನ್ನದು, ಹೊಗಳಿಕೆ ಮಾತ್ರ ಚನ್ನರಾಯಪಟ್ಟಣಕ್ಕೆ. ಪುಟ್ಟರಾಜುವಿಗೆ ತಡೆಯಲಾಗಲಿಲ್ಲ. "ಪುಟ್ಟನೂ ಬೆಳಗ್ಗೆ ಮಾಡಿದ್ನಂತಲ್ಲಮ್ಮಾ. ಅದು ಹೆಂಗಿತ್ತು?"

"ಅವನ್ದಾ? ರುಚಿ ನೋಡಕ್ಕೆ ಎಲ್ಲಿ ಬುಟ್ಟ ಅವನು? ತಟ್ಟೆ ಮಡಗಿ, ತಲೆ ಮ್ಯಾಲೆ ನಿಂತ್ಕಂಡು, ರಿಸಲ್ಟ್‌ಗೆ ಕಾಯೋನಂಗೆ ಕಾಯ್ತಾನೆ. ಒಂದ್ ಗಳಿಗೆ ನನ್ ತಾವ ಕುಂತ್ಕಳಕ್ಕಿಲ್ಲ ಕಣಪ್ಪ. ಊರೋರ್ ದನಿಯೆಲ್ಲಾ ತೆಗೀತಾನೆ. ಅವನ ದನಿ ಕೇಳಿ ಎಷ್ಟ್ ದಿನ ಆಯ್ತೋ."

ಪುಟ್ಟರಾಜು ತಾನು ಕೂತಿದ್ದ ಮಂಚದ ಅಂಚನ್ನು ಕೈಯಿಂದ ಸವರಿದ. ಅವನು ಬಾಯಿ ತೆರೆಯುವಷ್ಟರಲ್ಲಿ ಅನಸೂಯಮ್ಮ ಡಬ್ಬಿಯಲ್ಲಿ ತಡಕಿ ಒಂದು ತುಂಡನ್ನು ಎತ್ತಿ ಮುಂದೆ ಚಾಚಿದ್ದರು.

"ತಗಾ, ನೀನೂ ಒಂದ್ ತಿನ್ನು. ಆ ಅನ್ನು."

ತುಪ್ಪದ ಬೆರಳುಗಳು ಅವನ ಗಲ್ಲ ಹುಡುಕಿ, ತುಟಿ ಹುಡುಕಿದವು. ತಣ್ಣನೆಯ ಮುದ್ದೆಯ ಕಾಲದಿಂದ ಆ ಕೈ ಅವನ ಬಾಯಿಯವರೆಗೆ ಬಂದದ್ದು ಅವನಿಗೆ ನೆನಪಿರಲಿಲ್ಲ. ಆ ಎಂದ. ತುಂಡು ನಾಲಿಗೆಯ ಮೇಲೆ ಕೂತಿತು. ಬೆರಳುಗಳು ಒಂದು ಕ್ಷಣ ಅವನ ಗಡ್ಡದ ಕುರುಚಲಿನ ಮೇಲೆಯೇ ನಿಂತವು.

ಅನಸೂಯಮ್ಮ ಕನ್ನಡಕದ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿದರು.

"ಒತ್ತು ಮುಳುಗ್ತೇನಪ್ಪಾ?"

ಹೊರಗೆ ಬೀದಿದೀಪ ಹತ್ತಿ ಆಗಲೇ ಬಹಳ ಹೊತ್ತಾಗಿತ್ತು. ದೇವರ ಗೂಡಿನಲ್ಲಿ ಸ್ನೇಹಲತಾ ಹಚ್ಚಿದ ದೀಪ ನೆಟ್ಟಗೆ ಉರಿಯುತ್ತಿತ್ತು. ಯಶೋಧರ ಒಂದು ಅಗುಳೂ ಮುಟ್ಟದ ಆ ಹೊತ್ತಿನಲ್ಲಿ ಪುಟ್ಟರಾಜುವಿನ ಬಾಯಿ ತುಂಬಿತ್ತು. ನುಂಗಲೂ ಆಗದೆ, ಯಾವ ದನಿಯಲ್ಲಿ ಹ್ಞೂಂ ಅನ್ನಬೇಕೆಂದೂ ತಿಳಿಯದೆ ಕೂತಿದ್ದ. ಡಬ್ಬಿಯ ತಳದಲ್ಲಿ ಅನಸೂಯಮ್ಮನ ಬೆರಳು ಮುಂದಿನ ತುಂಡಿಗಾಗಿ ತಡಕುತ್ತಿತ್ತು.